ನ್ಯಾಚುರಲ್ ಅಂದ್ರೆ ಏನೂ ಆಗಲ್ಲ ಅಂತ ನಿಮಗೆ ಹೇಳಿದ್ದು ಯಾರು?

ಭಾಗ 1

ಹಳದಿ ಹೂವು ಚೆನ್ನಾಗಿದೆ ಅಂತ ಲೈಕ್ ಒತ್ತಿ ಮುಂದೆ ಹೋಗ್ಬೇಡಿ. ಇವತ್ತಿಂದ ಒಂದು ವಾರ ಈ ಹೂವಿನ ಬಗ್ಗೆನೇ ಬರೀತೀನಿ. ಏಳು ಭಾಗ. ಕ್ಯಾಪ್ಶನ್ ಉದ್ದ ಇರುತ್ತೆ, ಮೊದಲೇ ಹೇಳಿದ್ದೀನಿ. ಇಂಟರ್ನಲ್ಸ್ ಮುಗಿದಿದೆ, ನಿಮಗೂ ಟೈಮ್ ಇದೆ, ಸುಳ್ಳು ಹೇಳ್ಬೇಡಿ.

ಹೂವಿನ ಹೆಸರು ಸೇಂಟ್ ಜಾನ್ಸ್ ವರ್ಟ್. ಯುರೋಪಿನ ರಸ್ತೆ ಬದಿಯಲ್ಲಿ, ಹುಲ್ಲುಗಾವಲಲ್ಲಿ ಯಾರೂ ನೆಡದೆ ತಾನಾಗಿ ಬೆಳೆಯೋ ಗಿಡ. ಶಿವಮೊಗ್ಗದಲ್ಲಿ ನೀವು ಎಲ್ಲಿ ಹುಡುಕಿದ್ರೂ ಸಿಗಲ್ಲ. ಆದ್ರೆ ನಮ್ಮ ಪಿಜಿಯ ಮೂರನೇ ಮಹಡಿಗೆ ಅದು ಕೊರಿಯರ್‌ನಲ್ಲಿ ಬಂತು. ಅರವತ್ತು ಕ್ಯಾಪ್ಸೂಲ್, ಕಂದು ಬಣ್ಣದ ಡಬ್ಬಿ, ಮೇಲೆ ಎಲೆಯ ಚಿತ್ರ, 1,299 ರೂಪಾಯಿ.

ತರಿಸಿದ್ದು ನನ್ನ ರೂಮ್‌ಮೇಟ್. ಅವಳ ಒಪ್ಪಿಗೆ ಕೇಳಿಯೇ ಬರೀತಿದ್ದೀನಿ. ಹೆಸರು ಹಾಕಲ್ಲ, ಯಾರು ಅಂತ ಮೆಸೇಜ್ ಮಾಡಿ ಕೇಳ್ಬೇಡಿ. ಅವಳಿಗೆ ಡಿಪ್ರೆಶನ್ ಇತ್ತು. ಮೂಡ್ ಔಟ್ ಅಲ್ಲ, ಡಿಪ್ರೆಶನ್. ಬೆಳಿಗ್ಗೆ ಹಲ್ಲುಜ್ಜೋಕೆ ಏಳೋದೇ ಒಂದು ದೊಡ್ಡ ಕೆಲಸ ಅನ್ನೋ ಥರದ್ದು. ಡಾಕ್ಟರ್ ಹತ್ರ ಹೋಗಿ ಎರಡು ತಿಂಗಳಿಂದ ಸರ್ಟ್ರಲಿನ್ ಅನ್ನೋ ಮಾತ್ರೆ ತಗೊಳ್ತಿದ್ಲು. ಸ್ವಲ್ಪ ಸ್ವಲ್ಪ ಸುಧಾರಿಸ್ತಿದ್ಲು ಕೂಡ. ಆದ್ರೆ ಮನೆಯಿಂದ ಫೋನ್ ಬಂದಾಗಲೆಲ್ಲ ಒಂದೇ ಮಾತು. "ಆ ಇಂಗ್ಲಿಷ್ ಮಾತ್ರೆ ಅಭ್ಯಾಸ ಆಗ್ಬಿಡುತ್ತೆ ಕಣೇ, ಬಿಟ್ಬಿಡು." ಅದೇ ವಾರ ಅವಳ ಫೋನಲ್ಲಿ ಒಂದು ರೀಲ್ ಬಂತು. ಒಬ್ಬ ನಗ್ತಾ ಹೇಳ್ತಾನೆ: ಯುರೋಪಿನವರು ಸಾವಿರಾರು ವರ್ಷದಿಂದ ಬಳಸ್ತಿರೋ ಹೂವು, ಪೂರ್ತಿ ನ್ಯಾಚುರಲ್, ಸೈಡ್ ಎಫೆಕ್ಟ್ ಸೊನ್ನೆ, ಲಿಂಕ್ ಬಯೋದಲ್ಲಿದೆ.

ಅವಳ ಲೆಕ್ಕ ಸುಲಭವಾಗಿತ್ತು. ಎರಡನ್ನೂ ಒಟ್ಟಿಗೆ ತಗೊಳ್ಳೋಣ, ಹೂವು ಕೆಲಸ ಶುರು ಮಾಡಿದ ಮೇಲೆ ಮಾತ್ರೆ ಬಿಡೋಣ. ಅವಳ ಜಾಗದಲ್ಲಿ ನಾನಿದ್ರೂ ಹಾಗೇ ಮಾಡ್ತಿದ್ದೆ.

ಮೂರನೇ ದಿನ ರಾತ್ರಿ ಹನ್ನೊಂದಕ್ಕೆ ಅವಳು ಮಂಚದ ಮೇಲೆ ಕೂತ್ಕೊಳ್ಳೋಕೂ ಆಗದೆ, ಮಲಗೋಕೂ ಆಗದೆ ಒದ್ದಾಡ್ತಿದ್ಲು. ಫ್ಯಾನ್ ಐದರಲ್ಲಿದ್ರೂ ಮೈಯೆಲ್ಲ ಬೆವರು. ಕೈ ನಡುಗಿ ನೀರಿನ ಲೋಟ ಹಿಡಿಯೋಕೆ ಆಗ್ತಿಲ್ಲ. ಎದೆ ಡವಡವ. ಸಂಜೆಯಿಂದ ನಾಲ್ಕು ಸಲ ಬಾತ್‌ರೂಮಿಗೆ ಹೋಗಿದ್ಲು. ಪಿಜಿ ಆಂಟಿ ಆಟೋ ಕರೆಸಿದ್ರು.

ಎಮರ್ಜೆನ್ಸಿಯಲ್ಲಿ ಡಾಕ್ಟರ್ ಕೇಳಿದ್ರು, "ಬೇರೆ ಏನಾದ್ರೂ ಮಾತ್ರೆ ತಗೊಂಡಿದ್ಯೇನಮ್ಮಾ?"

"ಇಲ್ಲ ಸರ್."

ಅವರು ಅವಳ ಪಾದ ಹಿಡಿದು ಅಂಗಾಲನ್ನ ಮೇಲಕ್ಕೆ ಒತ್ತಿದ್ರು. ಪಾದ ತಾನಾಗಿ ಟಕಟಕ ಅಂತ ಕುಣಿಯೋಕೆ ಶುರುವಾಯ್ತು. ಡಾಕ್ಟರ್ ಮುಖ ಬದಲಾಯ್ತು. ಮತ್ತೆ ಕೇಳಿದ್ರು, "ಯೋಚನೆ ಮಾಡಿ ಹೇಳು. ಏನೂ ತಗೊಂಡಿಲ್ವಾ?"

ನಾನು ಹೇಳಿದೆ, "ಆ ಹರ್ಬಲ್‌ದು ಹೇಳೇ."

ಅವಳು ನನ್ನ ಕಡೆ ತಿರುಗಿ, ನಿಜವಾಗ್ಲೂ ಅರ್ಥ ಆಗದೆ, "ಅದು ಮಾತ್ರೆ ಅಲ್ವಲ್ಲ" ಅಂದ್ಲು.

ಈ ಏಳು ಭಾಗ ಬರೀತಿರೋದು ಆ ಒಂದು ವಾಕ್ಯಕ್ಕೋಸ್ಕರ. ಅವಳು ಸುಳ್ಳು ಹೇಳಿರಲಿಲ್ಲ. ಅವಳ ಪ್ರಕಾರ ಅದು ಮಾತ್ರೆಯೇ ಅಲ್ಲ. ಹಾಗೆ ನಂಬಿಸಿದವರ ಮೇಲೆ ನನಗೆ ಸಿಟ್ಟಿದೆ.

(ಅವಳು ಈಗ ಚೆನ್ನಾಗಿದ್ದಾಳೆ. ಎರಡನ್ನೂ ನಿಲ್ಲಿಸಿ, ಡ್ರಿಪ್ ಹಾಕಿ, ಒಂದೂವರೆ ದಿನ ನೋಡ್ಕೊಂಡು ಕಳಿಸಿದ್ರು. ಆಮೇಲೆ ಅವಳ ಡಾಕ್ಟರೇ ಹೇಳಿ ಮಾತ್ರೆ ಮತ್ತೆ ಶುರು ಮಾಡಿಸಿದ್ರು.)

ಭಾಗ 2

ಗಿಡದ ಮೇಲೆ ನನಗೆ ಸಿಟ್ಟಿಲ್ಲ. ಓದ್ತಾ ಓದ್ತಾ ಇಷ್ಟವೇ ಆಯ್ತು. ಅದಕ್ಕೆ ಇವತ್ತು ಬರೀ ಗಿಡದ ಕಥೆ.

ಲ್ಯಾಟಿನ್ ಹೆಸರು ಹೈಪೆರಿಕಮ್ ಪರ್ಫೊರೇಟಮ್. ಪರ್ಫೊರೇಟಮ್ ಅಂದ್ರೆ ತೂತು ಬಿದ್ದದ್ದು. ಎಲೆಯನ್ನ ಬಿಸಿಲಿಗೆ ಹಿಡಿದರೆ ಸೂಜಿಯಲ್ಲಿ ಚುಚ್ಚಿದ ಹಾಗೆ ಚುಕ್ಕಿ ಚುಕ್ಕಿಯಾಗಿ ಬೆಳಕು ತೂರಿ ಬರುತ್ತೆ. ಅವು ತೂತಲ್ಲ, ಎಣ್ಣೆ ತುಂಬಿದ ಸಣ್ಣ ಗ್ರಂಥಿಗಳು. ಹೂವಿಗೆ ಐದು ದಳ, ಅಂಚಲ್ಲಿ ಕಪ್ಪು ಚುಕ್ಕಿ. ಮೊಗ್ಗನ್ನ ಬೆರಳಲ್ಲಿ ಹೊಸಕಿದ್ರೆ ಹಳದಿ ಬಣ್ಣ ಅಂಟಲ್ಲ, ಕೆಂಪು ಅಂಟುತ್ತೆ. ರಕ್ತದ ಹಾಗೆ.

ಅಲ್ಲಿಯ ಹಳೇ ಕಾಲದವರು ಇದನ್ನ ನೋಡಿ ಏನಂದ್ಕೊಂಡಿರಬಹುದು ಹೇಳಿ? ಎಲೆ ತುಂಬ ಗಾಯ, ಹೂವಲ್ಲಿ ರಕ್ತ. ಹಾಗಾದ್ರೆ ಇದು ಗಾಯಕ್ಕೆ ಮದ್ದು. ಗಿಡದ ರೂಪದಲ್ಲೇ ದೇವರು ಅದರ ಉಪಯೋಗ ಬರೆದಿಟ್ಟಿದ್ದಾನೆ ಅನ್ನೋ ನಂಬಿಕೆ ಯುರೋಪಲ್ಲಿ ಬಲವಾಗಿತ್ತು. ಹೂವನ್ನ ಆಲಿವ್ ಎಣ್ಣೆಯಲ್ಲಿ ಮುಳುಗಿಸಿ ಬಾಟಲಿಯನ್ನ ವಾರಗಟ್ಟಲೆ ಬಿಸಿಲಲ್ಲಿ ಇಡ್ತಿದ್ರು. ಎಣ್ಣೆ ನಿಧಾನಕ್ಕೆ ಮಾಣಿಕ್ಯದ ಬಣ್ಣಕ್ಕೆ ತಿರುಗುತ್ತೆ. ಜರ್ಮನಿಯಲ್ಲಿ ಅದನ್ನ ಈಗಲೂ ಮಾಡ್ತಾರೆ, ಕೆಂಪೆಣ್ಣೆ ಅಂತಾನೇ ಹೆಸರು. ಗಾಯ, ಸುಟ್ಟದ್ದು, ಉಳುಕು, ಎಲ್ಲಕ್ಕೂ ಹಚ್ಚೋದು. ಒಂದನೇ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡಿಸ್ ಕೂಡ ಈ ಜಾತಿಯ ಗಿಡಗಳನ್ನ ಸುಟ್ಟಗಾಯಕ್ಕೆ, ಸೊಂಟದಿಂದ ಕಾಲಿಗಿಳಿಯೋ ನೋವಿಗೆ ಹೇಳಿದ್ದ.

ಹೆಸರು ಬಂದದ್ದು ಹಬ್ಬದಿಂದ. ಜೂನ್ 24 ಸಂತ ಯೋಹಾನನ ಹಬ್ಬ. ಅಲ್ಲಿ ಆಗ ಬೇಸಿಗೆಯ ತುದಿ, ಹಗಲು ತುಂಬಾ ಉದ್ದ, ಈ ಗಿಡ ಹೂ ಬಿಡೋದು ಅದೇ ಹೊತ್ತಿಗೆ. ಹಬ್ಬದ ದಿನ ಕಿತ್ತು ತಂದು ಬಾಗಿಲಿಗೆ ಕಟ್ತಿದ್ರು, ದೆವ್ವ ಒಳಗೆ ಬರಬಾರದು ಅಂತ. ಮಧ್ಯಯುಗದಲ್ಲಿ ಇದಕ್ಕೆ ಲ್ಯಾಟಿನ್‌ನಲ್ಲಿ ದೆವ್ವ ಓಡಿಸೋದು ಅಂತ ಹೆಸರೇ ಇತ್ತು. ನಾವು ಬಾಗಿಲಿಗೆ ಮಾವಿನೆಲೆ, ಬೇವಿನಸೊಪ್ಪು ಕಟ್ಟಲ್ವಾ, ಹಾಗೇ. ಮನಸ್ಸಿಗೆ ಹಿಡಿದ ಕತ್ತಲೆಯನ್ನ ದೆವ್ವ ಅಂತ ಕರೀತಿದ್ದ ಕಾಲ ಅದು. ಈಗ ಡಿಪ್ರೆಶನ್ ಅಂತೀವಿ. ಗಿಡ ಮಾತ್ರ ಅದೇ.

ಒಂದು ಅಡ್ಡ ಮಾತು. ನಮ್ಮ ಪಶ್ಚಿಮ ಘಟ್ಟದ ಎತ್ತರದ ಗುಡ್ಡಗಳಲ್ಲಿ ಇದರ ದಾಯಾದಿ ಒಂದಿದೆ. ದೊಡ್ಡ ದೊಡ್ಡ ಹಳದಿ ಹೂವಿನ ಪೊದೆ. ಹೆಸರಲ್ಲೇ ನಮ್ಮ ಮೈಸೂರು ಇದೆ, ಹೈಪೆರಿಕಮ್ ಮೈಸೂರೆನ್ಸ್. ಟ್ರೆಕ್ಕಿಂಗ್ ಹೋದಾಗ ಕಂಡ್ರೆ ಫೋಟೋ ತೆಗೀರಿ, ಅಷ್ಟೇ. ಕಿತ್ತು ತಂದು ಟೀ ಮಾಡ್ಬೇಡಿ ಮಾರಾಯ್ರೆ. ದಾಯಾದಿ ಅಂದ್ರೆ ಅದೇ ಗಿಡ ಅಂತಲ್ಲ.

ಭಾಗ 3

ನಿನ್ನೆ ಕಾಮೆಂಟಲ್ಲಿ ಒಬ್ಬರು, "ಹಾಗಾದ್ರೆ ಅದು ಬರೀ ಮೂಢನಂಬಿಕೆ ಅಂತಾಯ್ತಲ್ಲ" ಅಂದ್ರು. ಆಗಲಿಲ್ಲ. ಇಲ್ಲಿ ನಾನು ನಿಮ್ಮಲ್ಲಿ ಅರ್ಧ ಜನಕ್ಕೆ ನಿರಾಸೆ ಮಾಡ್ತೀನಿ.

ಈ ಗಿಡ ಕೆಲಸ ಮಾಡುತ್ತೆ.

ಜರ್ಮನಿಯಲ್ಲಿ ಗಿಡಮೂಲಿಕೆಗಳನ್ನ ಪರಿಶೀಲಿಸೋ ಸರ್ಕಾರಿ ಸಮಿತಿಯೊಂದಿತ್ತು, ಕಮಿಷನ್ ಇ ಅಂತ. ಅದು 1984ರಲ್ಲೇ ಇದನ್ನ ಮನಸ್ಸು ಕುಗ್ಗೋ ತೊಂದರೆಗೆ ಒಪ್ಪಿತ್ತು. ಅಲ್ಲಿ ಡಾಕ್ಟರುಗಳೇ ಚೀಟಿ ಬರೆದು ಕೊಡ್ತಾರೆ. 2008ರಲ್ಲಿ ಕಾಕ್ರೇನ್ ಸಂಸ್ಥೆಯವರು 29 ಪ್ರಯೋಗಗಳನ್ನ, ಒಟ್ಟು 5,489 ರೋಗಿಗಳ ಲೆಕ್ಕವನ್ನ ಒಟ್ಟಿಗೆ ಇಟ್ಟು ನೋಡಿದ್ರು. ಬರೀ ಸಕ್ಕರೆ ಮಾತ್ರೆಯಂಥದ್ದಕ್ಕಿಂತ ಇದು ಮೇಲು, ಮಾಮೂಲಿ ಡಿಪ್ರೆಶನ್ ಮಾತ್ರೆಗಳಿಗೆ ಹೆಚ್ಚುಕಮ್ಮಿ ಸಮ, ತೊಂದರೆ ಆಗಿ ಬಿಟ್ಟವರೂ ಕಮ್ಮಿ ಅಂತ ಬಂತು. ಜೊತೆಗೆ ಇನ್ನೊಂದನ್ನೂ ಪ್ರಾಮಾಣಿಕವಾಗಿ ಬರೆದ್ರು. ಜರ್ಮನ್ ಮಾತಾಡೋ ದೇಶಗಳ ಪ್ರಯೋಗಗಳಲ್ಲೇ ಫಲಿತಾಂಶ ಜಾಸ್ತಿ ಚೆನ್ನಾಗಿ ಬಂದಿದೆ ಅಂತ. ಅದಕ್ಕೂ ಮುಂಚೆ 2002ರಲ್ಲಿ ಅಮೆರಿಕದಲ್ಲಿ 340 ಜನರ ಮೇಲೆ ಒಂದು ದೊಡ್ಡ ಪ್ರಯೋಗ ನಡೆದಿತ್ತು. ಅಲ್ಲಿ ಈ ಗಿಡ ಸಕ್ಕರೆ ಮಾತ್ರೆಯನ್ನ ಸೋಲಿಸಲಿಲ್ಲ. ತಮಾಷೆ ಅಂದ್ರೆ ಮುಖ್ಯ ಅಳತೆಯಲ್ಲಿ ಸರ್ಟ್ರಲಿನ್ ಕೂಡ ಸೋಲಿಸಲಿಲ್ಲ. ಈ ಕಾಯಿಲೆಯನ್ನ ಅಳೆಯೋದು ಅಷ್ಟು ಕಷ್ಟ.

ಯುರೋಪಿಯನ್ ಒಕ್ಕೂಟದ ಔಷಧ ಸಂಸ್ಥೆ ಸೌಮ್ಯ ಮತ್ತು ಮಧ್ಯಮ ಮಟ್ಟದ ಡಿಪ್ರೆಶನ್‌ಗೆ ಇದರ ಕೆಲವು ಸಾರಗಳನ್ನ ಒಪ್ಪುತ್ತೆ. ತೀವ್ರವಾದದ್ದಕ್ಕೆ ಅಲ್ಲ. ಸಾಯಬೇಕು ಅನ್ನಿಸ್ತಿರೋರಿಗೆ ಖಂಡಿತ ಅಲ್ಲ. ಹಾಗೆ ಅನ್ನಿಸ್ತಿದ್ರೆ ಈ ಕ್ಯಾಪ್ಶನ್ ಇಲ್ಲಿಗೇ ಬಿಟ್ಟು 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡ್ತಾರೆ.

ಸರಿ, ಕೆಲಸ ಮಾಡುತ್ತೆ ಅಂತ ಒಪ್ಪಿದ್ಮೇಲೆ ಒಂದು ಪ್ರಶ್ನೆ. ಮೆದುಳಿನ ರಾಸಾಯನಿಕವನ್ನ ಬದಲಾಯಿಸೋ ಶಕ್ತಿ ಇರೋ ವಸ್ತುವಿಗೆ ದೇಹದ ಬೇರೆ ಯಾವ ಭಾಗದಲ್ಲೂ ಏನೂ ಮಾಡೋ ಶಕ್ತಿ ಇಲ್ಲ ಅಂತ ನಿಮಗೆ ಯಾರು ಹೇಳಿದ್ದು? ಸೈಡ್ ಎಫೆಕ್ಟ್ ಸೊನ್ನೆ ಅನ್ನೋನು ಒಂದೋ ಎಫೆಕ್ಟೇ ಇಲ್ಲದ್ದನ್ನ ಮಾರ್ತಿದ್ದಾನೆ, ಇಲ್ಲ ಸುಳ್ಳು ಹೇಳ್ತಿದ್ದಾನೆ.

ಭಾಗ 4

ಇದು ಉದ್ದದ್ದು. ನಾನು ಕಾಮರ್ಸ್ ಹುಡುಗಿ, ನನಗೆ ಅರ್ಥ ಆದ ಹಾಗೆ ಹೇಳ್ತೀನಿ.

ನಮ್ಮ ಲಿವರ್ ಒಂದು ಚೆಕ್‌ಪೋಸ್ಟ್ ಇದ್ದ ಹಾಗೆ. ಹೊರಗಿಂದ ಬಂದ ರಾಸಾಯನಿಕವನ್ನ ಒಡೆದು ಹೊರಗೆ ಹಾಕೋ ಕೆಲಸಗಾರರು ಅಲ್ಲಿದ್ದಾರೆ, ಎಂಜೈಮ್ ಅಂತೀವಿ. ಡಾಕ್ಟರ್ ಒಂದು ಮಾತ್ರೆ ಕೊಡುವಾಗ ಈ ಕೆಲಸಗಾರರ ಲೆಕ್ಕ ಹಿಡಿದೇ ಕೊಡ್ತಾರೆ. ಇಷ್ಟು ಒಡೆದುಹೋಗುತ್ತೆ, ಇಷ್ಟು ಉಳಿಯುತ್ತೆ, ಉಳಿದದ್ದು ಸಾಕು ಅಂತ. ಸೇಂಟ್ ಜಾನ್ಸ್ ವರ್ಟ್‌ನಲ್ಲಿ ಹೈಪರ್‌ಫೊರಿನ್ ಅಂತ ಒಂದು ವಸ್ತು ಇದೆ. ಅದು ಲಿವರಿಗೆ ಹೋಗಿ ಒಂದು ಸ್ವಿಚ್ ಒತ್ತುತ್ತೆ. ಚೆಕ್‌ಪೋಸ್ಟಿಗೆ ಕೆಲಸಗಾರರ ಹೊಸ ಬ್ಯಾಚ್ ಬಂದ್ಬಿಡುತ್ತೆ. ಅವರು ಸಿಕ್ಕಿದ್ದೆಲ್ಲ ಒಡೀತಾರೆ, ನಿಮ್ಮ ಬೇರೆ ಮಾತ್ರೆಗಳನ್ನೂ. ನೀವು ದಿನಾ ಸರಿಯಾದ ಟೈಮಿಗೆ ಮಾತ್ರೆ ನುಂಗ್ತೀರಿ, ಆದ್ರೆ ರಕ್ತದಲ್ಲಿ ಅದು ಇರಬೇಕಾದಷ್ಟು ಇರಲ್ಲ. ಮತ್ತೆ ನಿಮಗೆ ಗೊತ್ತೇ ಆಗಲ್ಲ. ನೋವಿಲ್ಲ, ತುರಿಕೆ ಇಲ್ಲ, ಏನಿಲ್ಲ.

ಟಿಬಿಗೆ ಕೊಡೋ ರಿಫಾಂಪಿಸಿನ್ ಗೊತ್ತಲ್ಲ, ಮೂತ್ರ ಕಿತ್ತಳೆ ಬಣ್ಣ ಆಗೋದು? ಅದು ಒತ್ತೋದೂ ಇದೇ ಸ್ವಿಚ್ಚನ್ನ. ಅದಕ್ಕೇ ಟಿಬಿ ಔಷಧಿ ಶುರು ಮಾಡುವಾಗ ಬೇರೆ ಏನೇನು ತಗೊಳ್ತಿದ್ದೀರಿ ಅಂತ ಕೇಳ್ತಾರೆ. ಆ ಮಾತ್ರೆಗೆ ಕೇಳ್ತಾರೆ, ಈ ಹೂವಿಗೆ ಯಾರೂ ಕೇಳಲ್ಲ.

2000ನೇ ಇಸವಿಯಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಒಂದು ವರದಿ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಇಬ್ಬರಿಗೆ ಬೇರೆಯವರ ಹೃದಯ ಕಸಿ ಮಾಡಿದ್ರು. ದೇಹ ಆ ಹೃದಯವನ್ನ ತಿರಸ್ಕರಿಸಬಾರದು ಅಂತ ಸೈಕ್ಲೊಸ್ಪೊರಿನ್ ಅನ್ನೋ ಔಷಧಿ ಕೊಡ್ತಿದ್ರು. ಚೆನ್ನಾಗೇ ಇದ್ರು. ಮನಸ್ಸಿಗೆ ಬೇಜಾರು ಅಂತ ಇಬ್ಬರೂ ಈ ಗಿಡದ ಸಾರ ಶುರು ಮಾಡಿದ್ರು. ಕೆಲವೇ ವಾರದಲ್ಲಿ ರಕ್ತದಲ್ಲಿ ಸೈಕ್ಲೊಸ್ಪೊರಿನ್ ಇಳಿದು, ದೇಹ ಆ ಹೃದಯದ ಮೇಲೆ ದಾಳಿ ಶುರು ಮಾಡಿತ್ತು. ಗಿಡದ ಸಾರ ನಿಲ್ಲಿಸಿದ ಮೇಲೆ ಮಟ್ಟ ಮತ್ತೆ ಸರಿ ಆಯ್ತು. ಅದೇ ವರ್ಷ ಅದೇ ಪತ್ರಿಕೆಯಲ್ಲಿ ಇನ್ನೊಂದು ವರದಿ ಬಂತು. ಎಚ್‌ಐವಿಗೆ ಕೊಡೋ ಇಂಡಿನಾವಿರ್ ಅನ್ನೋ ಔಷಧಿ, ಈ ಗಿಡದ ಜೊತೆ ತಗೊಂಡ್ರೆ ರಕ್ತದಲ್ಲಿ ಸರಾಸರಿ 57 ಪರ್ಸೆಂಟ್ ಕಮ್ಮಿ ಆಗಿತ್ತು. ಅಮೆರಿಕದ ಎಫ್‌ಡಿಎ ಆ ಫೆಬ್ರವರಿಯಲ್ಲೇ ಡಾಕ್ಟರುಗಳಿಗೆಲ್ಲ ಎಚ್ಚರಿಕೆ ಕಳಿಸಿತು. ಐರ್ಲೆಂಡಿನಲ್ಲಿ ಆ ವರ್ಷದಿಂದ ಡಾಕ್ಟರ್ ಚೀಟಿ ಇಲ್ಲದೆ ಕೊಡೋದನ್ನೇ ನಿಲ್ಲಿಸಿದ್ರು.

ಹೃದಯ ಕಸಿ, ಎಚ್‌ಐವಿ, ಇದೆಲ್ಲ ನಮಗಲ್ಲ ಅಂತ ಸ್ಕ್ರೋಲ್ ಮಾಡ್ಬೇಡಿ. ನಮ್ಮ ಕ್ಲಾಸಿಗೇ ಬರೋಣ.

ಪಿಸಿಒಡಿ ಅಂತ ಡಾಕ್ಟರ್ ಕೊಟ್ಟ ಹಾರ್ಮೋನ್ ಮಾತ್ರೆ ತಗೊಳ್ಳೋರು ನಮ್ಮ ಬೆಂಚಲ್ಲೇ ಎಷ್ಟು ಜನ ಇದ್ದೀವಿ? ಯಾರೂ ಕೈ ಎತ್ತಬೇಕಿಲ್ಲ. ಆ ಮಾತ್ರೆಗಳಲ್ಲಿ ಬಹಳಷ್ಟು ಗರ್ಭನಿರೋಧಕ ಮಾತ್ರೆಗಳೇ. ಈ ಗಿಡ ಅವುಗಳ ಶಕ್ತಿಯನ್ನೂ ಇಳಿಸುತ್ತೆ. ನಡು ತಿಂಗಳಲ್ಲಿ ಬ್ಲೀಡಿಂಗ್ ಆಗ್ಬಹುದು. ಮದುವೆ ಆದವರಿಗೆ, ಆಗದವರಿಗೆ (ಹೌದು, ಬರೆದೆ, ಬೈಯ್ಯೋರು ಬೈಯ್ಯಿರಿ) ಬೇಡದ ಗರ್ಭ ನಿಲ್ಲಬಹುದು. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ ಹಾರ್ಮೋನ್ ಗರ್ಭನಿರೋಧಕಗಳ ಜೊತೆ ಇದು ಬೇಡವೇ ಬೇಡ ಅಂತ ಹೇಳಿದೆ. ಮೆಡಿಕಲ್ ಶಾಪಲ್ಲಿ ಪೇಪರ್ ಸುತ್ತಿ ಕೊಡೋ ಎಮರ್ಜೆನ್ಸಿ ಮಾತ್ರೆ ಇದ್ಯಲ್ಲ, ಅದರ ಬಗ್ಗೆಯೂ 2016ರಲ್ಲಿ ಎಚ್ಚರಿಸಿತ್ತು. ಗಿಡ ನಿಲ್ಲಿಸಿದ ಮೇಲೂ ಲಿವರ್ ತನ್ನ ಮಾಮೂಲಿಗೆ ಬರೋಕೆ ಸುಮಾರು ಎರಡು ವಾರ ಬೇಕು. ನಿನ್ನೆ ನಿಲ್ಲಿಸಿದೆ, ಇವತ್ತು ಸೇಫ್ ಅನ್ನೋ ಲೆಕ್ಕ ನಡೆಯಲ್ಲ.

ಮನೆಯಲ್ಲಿ ಯಾರಿಗಾದ್ರೂ ಹೃದಯದ ವಾಲ್ವ್ ಬದಲಾಯಿಸಿದ್ದಾರಾ? ವಾರ್ಫರಿನ್ ತಗೊಳ್ತಿರ್ತಾರೆ, ರಕ್ತ ಹೆಪ್ಪುಗಟ್ಟಬಾರದು ಅಂತ. ಅದೂ ಕಮ್ಮಿ ಆಗುತ್ತೆ. ಫಿಟ್ಸ್ ಮಾತ್ರೆಗಳೂ ಕಮ್ಮಿ ಆಗ್ಬಹುದು.

ನನ್ನ ರೂಮ್‌ಮೇಟಿಗೆ ಆಗಿದ್ದು ಬೇರೆ. ಅದು ಲಿವರಿನ ಕಥೆ ಅಲ್ಲ. ಸರ್ಟ್ರಲಿನ್ ಮೆದುಳಲ್ಲಿ ಸೆರೊಟೊನಿನ್ ಅನ್ನೋದನ್ನ ಹೆಚ್ಚಿಸುತ್ತೆ. ಈ ಹೂವೂ ಹೆಚ್ಚಿಸುತ್ತೆ. ಇಬ್ಬರೂ ಒಂದೇ ಟ್ಯಾಂಕಿಗೆ ನೀರು ಬಿಟ್ಟು ಟ್ಯಾಂಕ್ ತುಂಬಿ ಹರೀತು. ಸೆರೊಟೊನಿನ್ ಸಿಂಡ್ರೋಮ್ ಅಂತಾರೆ. ಬೆವರು, ನಡುಕ, ಭೇದಿ, ಚಡಪಡಿಕೆ, ಆ ಕುಣಿಯೋ ಪಾದ, ಎಲ್ಲ ಅದರದ್ದೇ. ಅವಳಿಗೆ ಆಗಿದ್ದು ಸೌಮ್ಯ. ಜೋರಾದ್ರೆ ಜ್ವರ ಏರಿ, ಮೈ ಮರದ ಹಾಗೆ ಬಿಗಿದು, ಜೀವಕ್ಕೇ ಬರುತ್ತೆ. ಹೆದರಿಸ್ತಿದ್ದೀಯಾ ಅಂತ ಕೇಳ್ಬೇಡಿ. ಹೌದು, ಹೆದರಿಸ್ತಿದ್ದೀನಿ.

ಇನ್ನೊಂದೇ ಮಾತು. ಕೆಲವರಿಗೆ ಡಿಪ್ರೆಶನ್ ಥರ ಕಾಣೋದು ನಿಜಕ್ಕೂ ಬೈಪೋಲಾರ್ ಆಗಿರುತ್ತೆ. ಅಂಥವರಿಗೆ ಇದು ಉನ್ಮಾದ ಎಬ್ಬಿಸಬಹುದು. ಡಾಕ್ಟರ್ ಅರ್ಧ ಗಂಟೆ ಕೂರಿಸಿ ಮನೆಮಂದಿಯ ಇತಿಹಾಸ ಎಲ್ಲ ಕೇಳೋದು ಸುಮ್ಮನೆ ಅಲ್ಲ. ರೀಲ್ 40 ಸೆಕೆಂಡಲ್ಲಿ ಏನು ಕೇಳಿತು ನಿಮ್ಮನ್ನ?

ಭಾಗ 5

"ಸಾವಿರಾರು ವರ್ಷದ ಸಂಪ್ರದಾಯ." ಈ ಮಾತಿನ ಲೆಕ್ಕ ತೆಗೆಯೋಣ. ನಮಗೆ ಗೊತ್ತಿರೋದು ಅದೊಂದೇ ಅಲ್ವಾ, ಲೆಕ್ಕ.

ಸಂಪ್ರದಾಯ ಎರಡು ಸಾವಿರ ವರ್ಷದ್ದು, ಒಪ್ಪಿದೆ. ಗರ್ಭನಿರೋಧಕ ಮಾತ್ರೆ ಮಾರ್ಕೆಟಿಗೆ ಬಂದದ್ದು 1960ರಲ್ಲಿ. ಸೈಕ್ಲೊಸ್ಪೊರಿನ್ 80ರ ದಶಕದಲ್ಲಿ. ಸರ್ಟ್ರಲಿನ್ 90ರ ದಶಕದ ಆರಂಭದಲ್ಲಿ. ಡಯಾಸ್ಕೊರಿಡಿಸ್‌ನ ಪೇಷಂಟ್ ಯಾರೂ ಇದನ್ನೆಲ್ಲ ನುಂಗ್ತಿರಲಿಲ್ಲ. ಹಾಗಾಗಿ ಇವೆರಡು ಹೊಟ್ಟೆಯೊಳಗೆ ಸೇರಿದ್ರೆ ಏನಾಗುತ್ತೆ ಅನ್ನೋ ವಿಷಯದಲ್ಲಿ ಆ ಸಂಪ್ರದಾಯದ ಅನುಭವ ಸೊನ್ನೆ. ಎರಡು ಸಾವಿರ ವರ್ಷ ಅಂತ ಬಡಾಯಿ ಕೊಚ್ಚೋ ವಿಷಯದಲ್ಲಿ ನಿಜವಾದ ಅನುಭವ ಇರೋದು ಒಂದು ತಲೆಮಾರಿನದ್ದು, ಅದೂ ಆಸ್ಪತ್ರೆಗಳಲ್ಲಿ ಬರೆದಿಟ್ಟದ್ದು.

ಅದೂ ಅಲ್ದೆ, ಆ ಸಂಪ್ರದಾಯದಲ್ಲಿ ಇದ್ದದ್ದು ಮೈಗೆ ಹಚ್ಚೋ ಎಣ್ಣೆ, ಬಿಸಿನೀರಲ್ಲಿ ಹಾಕಿದ ಟೀ. ಹೈಪರ್‌ಫೊರಿನ್ ನೀರಲ್ಲಿ ಸರಿಯಾಗಿ ಕರಗಲ್ಲ, ಟೀಯಲ್ಲಿ ಅದು ತುಂಬಾ ಕಮ್ಮಿ. ಆಲ್ಕೋಹಾಲಲ್ಲಿ ಸಾರ ತೆಗೆದು, ಒಣಗಿಸಿ, ಅಳೆದು, 300 ಮಿಲಿಗ್ರಾಂ ಕ್ಯಾಪ್ಸೂಲ್ ಮಾಡಿ ದಿನಕ್ಕೆ ಮೂರು ಅನ್ನೋದು ಜರ್ಮನ್ ಔಷಧ ಕಾರ್ಖಾನೆಗಳು ಇಪ್ಪತ್ತನೇ ಶತಮಾನದಲ್ಲಿ ತಂದ ಪದ್ಧತಿ. ಅಜ್ಜಿಯ ಹೆಸರು ಹೇಳಿ ಕಾರ್ಖಾನೆಯ ಮಾಲು ಮಾರೋದು ಅಂದ್ರೆ ಇದೇ.

ಅಜ್ಜಿ ಅಂದಾಗ ನೆನಪಾಯ್ತು. ನನ್ನ ಅಜ್ಜಿ ಕೊಪ್ಪದ ಕಡೆಯವರು. ಊರಲ್ಲಿ ಯಾರಿಗೆ ಏನಾದ್ರೂ ಅವರ ಹತ್ರ ಕಷಾಯ ಇಸ್ಕೊಳ್ಳೋಕೆ ಬರ್ತಿದ್ರು. ಅಜ್ಜಿ ಒಂದು ದಿನವೂ ಬಂದವರ ಕೈಗೆ ಸುಮ್ಮನೆ ಲೋಟ ಕೊಟ್ಟಿದ್ದು ನಾನು ನೋಡಿಲ್ಲ. ಮೊದಲು ಕೂರಿಸೋರು. ಬೆಳಿಗ್ಗೆಯಿಂದ ಏನು ತಿಂದೆ? ಹೊಟ್ಟೆ ಹೆಂಗಿದೆ? ಮುಟ್ಟಾಗಿ ಎಷ್ಟು ದಿನ ಆಯ್ತು? ಬಸುರಿಯಾ? ಆಸ್ಪತ್ರೆ ಮಾತ್ರೆ ನಡೀತಿದ್ಯಾ? ಕೊನೆಗೆ ಪಥ್ಯ ಹೇಳೋರು. ಇದನ್ನ ಕುಡಿದ ದಿನ ಮೊಸರು ಬೇಡ, ಬದನೆಕಾಯಿ ಬೇಡ, ಮೂರು ದಿನದ ಮೇಲೆ ಬೇಡ. ಅವರ ಎಲ್ಲ ಪಥ್ಯವೂ ಸರಿ ಅಂತ ನಾನು ವಾದ ಮಾಡಲ್ಲ, ಬದನೆಕಾಯಿ ಪಾಪ ಏನು ಮಾಡಿತ್ತೋ. ಆದ್ರೆ ಒಂದು ವಸ್ತು ಇನ್ನೊಂದರ ಜೊತೆ ಸೇರಿದ್ರೆ ಬೇರೆ ಥರ ನಡ್ಕೊಳ್ಳುತ್ತೆ ಅನ್ನೋದು ಓದು ಬರಹ ಬಾರದ ನನ್ನ ಅಜ್ಜಿಗೆ ಗೊತ್ತಿತ್ತು. ಪಥ್ಯ ಇಲ್ಲದೆ ಮದ್ದಿಲ್ಲ ಅನ್ನೋದು ನಮ್ಮ ಸಂಪ್ರದಾಯ. ಸೈಡ್ ಎಫೆಕ್ಟ್ ಸೊನ್ನೆ ಅನ್ನೋದು ಸಂಪ್ರದಾಯ ಅಲ್ಲ, ಅದು ಪ್ಯಾಕೇಜಿಂಗ್.

ರೀಲ್ ಹುಡುಗ ಗಿಡ ತಗೊಂಡ, ಪಥ್ಯ ಬಿಟ್ಟ.

ಭಾಗ 6

ನಿನ್ನೆ ಬಂದ ಕಾಮೆಂಟುಗಳಲ್ಲಿ ಎರಡಕ್ಕೆ ಉತ್ತರ ಕೊಡ್ತೀನಿ.

ಒಂದು: "ನೀನು ಇಂಗ್ಲಿಷ್ ಔಷಧಿ ಕಂಪನಿಗಳ ಏಜೆಂಟ್." ಅಣ್ಣ, ನನ್ನ ಅಕೌಂಟಲ್ಲಿ 412 ರೂಪಾಯಿ ಇದೆ, ಏಜೆಂಟರು ಇಷ್ಟು ಬಡವರಾಗಿರಲ್ಲ. ಆಮೇಲೆ ಈ ಇಂಗ್ಲಿಷ್ ಮಾತ್ರೆ ಅನ್ನೋ ಪದವನ್ನೇ ಸ್ವಲ್ಪ ನೋಡಿ. ಹೃದಯಕ್ಕೆ ಕೊಡೋ ಡಿಗಾಕ್ಸಿನ್ ಅನ್ನೋ ಮಾತ್ರೆ ಇದೆ. ಅದು ಬಂದದ್ದು ಫಾಕ್ಸ್‌ಗ್ಲವ್ ಅನ್ನೋ ಯುರೋಪಿನ ಕಾಡುಗಿಡದ ಜಾತಿಯಿಂದ. ಇಂಗ್ಲೆಂಡಿನ ವಿಲಿಯಂ ವಿದರಿಂಗ್ ಅನ್ನೋ ಡಾಕ್ಟರ್ 1785ರಲ್ಲಿ ಆ ಎಲೆಯ ಮೇಲೆ ಒಂದು ಪುಸ್ತಕವನ್ನೇ ಬರೆದ, ಎಷ್ಟು ಕೊಟ್ರೆ ಮದ್ದು, ಎಷ್ಟು ಕೊಟ್ರೆ ವಿಷ ಅಂತ ತನ್ನ ರೋಗಿಗಳ ಲೆಕ್ಕ ಇಟ್ಟು. ಅದು ಸ್ಟ್ರಿಪ್ಪಲ್ಲಿ ಬಂದ್ರೆ ಇಂಗ್ಲಿಷ್ ಮಾತ್ರೆ, ಇದು ಡಬ್ಬಿಯಲ್ಲಿ ಬಂದ್ರೆ ನ್ಯಾಚುರಲ್. ಎರಡೂ ಅದೇ ಯುರೋಪಿನ ಬೇಲಿ ಬದಿಯ ಗಿಡಗಳೇ. ಇನ್ನೂ ಮಜಾ ಅಂದ್ರೆ ಸೇಂಟ್ ಜಾನ್ಸ್ ವರ್ಟ್ ತಗೊಂಡ್ರೆ ರಕ್ತದಲ್ಲಿ ಡಿಗಾಕ್ಸಿನ್ ಕೂಡ ಇಳಿಯುತ್ತೆ. ಒಂದೇ ಊರಿನ ಎರಡು ಗಿಡ ನಿಮ್ಮ ತಾತನ ಮೈಯೊಳಗೆ ಜಗಳ ಆಡ್ತವೆ.

ಎರಡು: "ನಮ್ಮ ಮನೇಲಿ ಹೋಮಿಯೋಪತಿ ಹೈಪೆರಿಕಮ್ ಇದೆ, ಬೆರಳು ಜಜ್ಜಿದ್ರೆ ಕೊಡ್ತಾರೆ, ಏನೂ ಆಗಿಲ್ಲ." ಹೌದು, ಅದೇ ಗಿಡ. ಆದ್ರೆ 200 ಅಂತ ಬರೆದಿರೋ ಆ ಗುಳಿಗೆಯಲ್ಲಿ ಅದನ್ನ ಎಷ್ಟು ತೆಳು ಮಾಡಿರ್ತಾರೆ ಅಂದ್ರೆ ಗಿಡದ ಒಂದು ಕಣವೂ ಉಳಿದಿರಲ್ಲ. ಹಾಗಾಗಿ ಆ ಗುಳಿಗೆಯಿಂದ ಏನೂ ಆಗಿಲ್ಲ ಅನ್ನೋದು ಕ್ಯಾಪ್ಸೂಲಿಗೆ ಸಾಕ್ಷಿ ಆಗಲ್ಲ. ಅದೇ ಅಂಗಡಿಯಲ್ಲಿ ಮದರ್ ಟಿಂಕ್ಚರ್ ಅಂತ ಸಿಗುತ್ತೆ, ಅದರಲ್ಲಿ ಗಿಡದ ಸಾರ ನಿಜವಾಗ್ಲೂ ಇರುತ್ತೆ. ಬಾಟಲಿ ಎರಡೂ ನೋಡೋಕೆ ಒಂದೇ ಥರ.

ಈಗ ನಮ್ಮ ಸಿಲಬಸ್ಸಿಗೆ ಬರೋಣ. ಬಿಸಿನೆಸ್ ಲಾದಲ್ಲಿ ಬಾಯಿಪಾಠ ಮಾಡಿದ್ವಲ್ಲ, ಸೇಲ್ ಆಫ್ ಗೂಡ್ಸ್ ಆಕ್ಟ್ 1930, ಸೆಕ್ಷನ್ 16? ಕೊಳ್ಳೋನು ತಾನೇ ಹುಷಾರಾಗಿರಬೇಕು ಅಂತ. ಐದು ಮಾರ್ಕಿಗೆ ಬರೆದು ಮರೆತ್ವಿ. ಆ ಡಬ್ಬಿ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಾಗ ನನಗೆ ಅದರ ಅರ್ಥ ಆಯ್ತು. ಕೊಳ್ಳೋನು ಹುಷಾರಾಗಿರಬೇಕು ಅಂದ್ರೆ ಹುಷಾರಾಗೋಕೆ ಬೇಕಾದ ಮಾಹಿತಿ ಇರಬೇಕು ತಾನೇ? ಡಬ್ಬಿಯ ಹಿಂದೆ ಇದ್ದದ್ದು ಒಂದೇ ಸಾಲು, ಗರ್ಭಿಣಿಯರು ವೈದ್ಯರನ್ನು ಕೇಳಿ ಅಂತ, ಅದೂ ಇಂಗ್ಲಿಷಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ. ಬೇರೆ ಔಷಧಿ ಅನ್ನೋ ಪದವೇ ಇಲ್ಲ. ಜರ್ಮನಿಯಲ್ಲಿ ಇದೇ ಗಿಡ ಔಷಧಿಯಾಗಿ ಮಾರಾಟ ಆಗುವಾಗ ಡಬ್ಬಿಯ ಒಳಗೆ ಮಡಿಚಿದ ಚೀಟಿ ಇರುತ್ತೆ, ಯಾವ ಯಾವ ಮಾತ್ರೆ ಜೊತೆ ತಗೋಬಾರದು ಅಂತ ಉದ್ದದ ಪಟ್ಟಿ ಅದರಲ್ಲಿ. ಗಿಡ ಸಮುದ್ರ ದಾಟಿ ಬಂತು, ಚೀಟಿ ಬರಲಿಲ್ಲ.

ರೀಲ್ ಹುಡುಗನಿಗೆ ಪ್ರತಿ ಡಬ್ಬಿಗೂ ಕಮಿಷನ್ ಇದೆ. ಇರಲಿ, ಕಮಿಷನ್ ತಪ್ಪಲ್ಲ, ನಾಳೆ ನಾವೂ ಸೇಲ್ಸ್‌ನಲ್ಲೇ ಇರ್ತೀವಿ. ಆದ್ರೆ ಕನ್ಸೂಮರ್ ಪ್ರೊಟೆಕ್ಷನ್ ಆಕ್ಟ್ 2019ರ ಪ್ರಕಾರ ದಾರಿ ತಪ್ಪಿಸೋ ಜಾಹೀರಾತಿಗೆ ಕಂಪನಿಗೆ ಮಾತ್ರ ಅಲ್ಲ, ಅದನ್ನ ಹೊಗಳಿ ಮಾರೋನಿಗೂ 10 ಲಕ್ಷದವರೆಗೆ ದಂಡ ಹಾಕಬಹುದು, ಮತ್ತೆ ಮಾಡಿದ್ರೆ 50 ಲಕ್ಷದವರೆಗೆ. ಹೇಳೋ ಮುಂಚೆ ವಿಚಾರಿಸಿದ್ದೆ ಅಂತ ತೋರಿಸಿದ್ರೆ ಮಾತ್ರ ಬಚಾವ್. ಅವನು ಏನು ವಿಚಾರಿಸಿದ್ದ? ನಾನು 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೀನಿ. ನಂಬರ್ ಬಂದಿದೆ. ಏನಾಗುತ್ತೋ ನೋಡೋಣ.

ಡಾಕ್ಟರುಗಳ ಮೇಲೂ ಒಂದು ದೂರಿದೆ, ಅದನ್ನ ನುಂಗಿಕೊಂಡ್ರೆ ಮೋಸ ಆಗುತ್ತೆ. ನೀವು "ಮಾತ್ರೆ ಏನಾದ್ರೂ ತಗೊಳ್ತಿದ್ದೀರಾ" ಅಂತ ಕೇಳ್ತೀರಿ. ನಮ್ಮ ಕನ್ನಡದಲ್ಲಿ ಕಷಾಯ ಮಾತ್ರೆ ಅಲ್ಲ, ಚೂರ್ಣ ಮಾತ್ರೆ ಅಲ್ಲ, ಲೇಹ್ಯ ಮಾತ್ರೆ ಅಲ್ಲ. ಅಜ್ಜಿ ಕೇಳ್ತಿದ್ದ ಹಾಗೆ ಕೇಳಿ. "ಬಾಯಿಗೆ ಏನೇನು ಹಾಕ್ಕೊಳ್ತಿದ್ದೀಯ?" ಮತ್ತೆ ಹೇಳಿದಾಗ ನಗ್ಬೇಡಿ. ನೀವು ನಕ್ಕಿದ್ದಕ್ಕೇ ಎಷ್ಟೋ ಜನ ಮುಚ್ಚಿಡೋದು.

ಭಾಗ 7

ಕೊನೆಯದು, ಚಿಕ್ಕದು.

ತುಂಬಾ ಜನ ಮೆಸೇಜ್ ಮಾಡಿ, "ನಾನು ಇದನ್ನ ಆಗಲೇ ತಗೊಳ್ತಿದ್ದೀನಿ, ಏನು ಮಾಡ್ಲಿ" ಅಂತ ಕೇಳಿದ್ರಿ. ನಾನು ಬಿಕಾಂ ಕಣ್ರೋ, ಡಾಕ್ಟರ್ ಅಲ್ಲ. ನನಗೆ ಗೊತ್ತಿರೋದು ಇಷ್ಟು. ಡಬ್ಬಿಯನ್ನೂ, ನೀವು ತಗೊಳ್ಳೋ ಎಲ್ಲ ಸ್ಟ್ರಿಪ್ಪನ್ನೂ ಒಂದು ಕವರಲ್ಲಿ ಹಾಕ್ಕೊಂಡು ಡಾಕ್ಟರ್ ಹತ್ರ ಹೋಗಿ ಟೇಬಲ್ ಮೇಲೆ ಸುರೀರಿ. ಡಾಕ್ಟರ್ ಕೊಟ್ಟ ಮಾತ್ರೆಯನ್ನ ನೀವಾಗೇ ಧಿಡೀರ್ ಅಂತ ನಿಲ್ಲಿಸ್ಬೇಡಿ, ಅದೂ ಬೇರೆ ಥರ ಪೇಚಾಟ. ಮೈ ನಡುಕ, ಬೆವರು, ಜ್ವರ ಏನಾದ್ರೂ ಇದ್ರೆ ಬೆಳಗಾಗಲಿ ಅಂತ ಕಾಯ್ಬೇಡಿ.

ರೂಮ್‌ಮೇಟ್ ಈಗ ಫೋನಿನ ನೋಟ್ಸಲ್ಲಿ ಒಂದು ಪಟ್ಟಿ ಮಾಡಿಟ್ಟಿದ್ದಾಳೆ. ಸರ್ಟ್ರಲಿನ್, ಐರನ್ ಮಾತ್ರೆ, ತಲೆನೋವು ಬಂದಾಗ ತಗೊಳ್ಳೋದು, ಅಮ್ಮ ಕಳಿಸಿದ ಚ್ಯವನಪ್ರಾಶ. ಚ್ಯವನಪ್ರಾಶ ಯಾಕೇ ಅಂದ್ರೆ, "ಬಾಯಿಗೆ ಹಾಕ್ಕೊಳ್ತೀನಲ್ಲ" ಅಂದ್ಲು. ಡಬ್ಬಿಯಲ್ಲಿ ಇನ್ನೂ ಐವತ್ತೊಂದು ಕ್ಯಾಪ್ಸೂಲ್ ಇದೆ. ಎಸೆಯೋಕೆ ಅವಳಿಗೆ ಮನಸ್ಸಿಲ್ಲ, 1,299 ಕೊಟ್ಟಿದ್ದಾಳೆ. ಕಪಾಟಿನ ಮೇಲೆ ಇಟ್ಟು ನಾನು ಟೇಪ್ ಸುತ್ತಿದ್ದೀನಿ.

ನಿನ್ನೆ ರಾತ್ರಿ ಆ ರೀಲ್ ಮತ್ತೆ ತೆಗೆದು ನೋಡಿದೆ. ಇನ್ನೂ ಇದೆ. ಕೆಳಗೆ ಒಬ್ಬ ಹುಡುಗ ಕೇಳಿದ್ದಾನೆ, "ಅಣ್ಣಾ ನಾನು ಫಿಟ್ಸ್‌ಗೆ ಮಾತ್ರೆ ತಗೊಳ್ತೀನಿ, ಇದನ್ನೂ ತಗೋಬಹುದಾ?" ಅದಕ್ಕೆ ಉತ್ತರ: "ಧೈರ್ಯವಾಗಿ ತಗೋ ಬ್ರೋ, ಪೂರ್ತಿ ನ್ಯಾಚುರಲ್."

ಅದರ ಕೆಳಗೆ ನಾನು ಬರೆದೆ. ಹತ್ತು ನಿಮಿಷದಲ್ಲಿ ಡಿಲೀಟ್ ಆಯ್ತು. ಮತ್ತೆ ಬರೆದೆ, ಬ್ಲಾಕ್ ಮಾಡಿದ್ರು. ಆ ಹುಡುಗನಿಗೇ ನೇರ ಮೆಸೇಜ್ ಹಾಕಿದ್ದೀನಿ, ನಿನ್ನ ಡಾಕ್ಟರನ್ನ ಕೇಳದೆ ಅದನ್ನ ಮುಟ್ಬೇಡ ಅಂತ. ಈಗ ಬೆಳಿಗ್ಗೆ ಒಂಬತ್ತೂವರೆ. ಅವನು ಇನ್ನೂ ನೋಡಿಲ್ಲ.